ಹೆರಾಲ್ಡ್ ಬಾಗಿಲು ಕೂರುತ್ತಿಲ್ಲ, ಬಾಡಿ ಬುಷ್ ಹೋಗಿದೆಯಾ?

ಪ್ರಶ್ನೆ: ಸರ್, ಅಪ್ಪನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಇದೆ. ಗುಂಡಿಗೆ ಇಳಿದರೆ ದಡಬಡ ಸದ್ದು, ಬಲಗಡೆ ಬಾಗಿಲನ್ನು ಎತ್ತಿ ಹಾಕಬೇಕು. ಬಾಡಿ ಬುಷ್ ಬದಲಿಸಲು ಬಾಡಿ ಪೂರ್ತಿ ಇಳಿಸಬೇಕಾ?

ಉತ್ತರ: ಬೇಡ. ಅಂಬಾಸಿಡರ್, ಪದ್ಮಿನಿಯಲ್ಲಿ ಈ ತಾಪತ್ರಯವೇ ಇಲ್ಲ, ಅವುಗಳಲ್ಲಿ ಬಾಡಿ, ಚಾಸಿ (ಅಡಿಯ ಉಕ್ಕಿನ ಚೌಕಟ್ಟು) ಎಲ್ಲ ಒಂದೇ. ನಿಮ್ಮ ಹೆರಾಲ್ಡ್‌ನಲ್ಲಿ ಚಾಸಿ ಬೇರೆ, ಅದರ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸಿರುತ್ತಾರೆ, ನಡುವಿನ ಪ್ಯಾಡ್, ಅಂದರೆ ಬಾಡಿ ಬುಷ್, ಸವೆದು ಚಪ್ಪಟೆಯಾದರೆ ಆ ಕಡೆ ಬಾಡಿ ಇಳಿದು ಬಾಗಿಲಿನ ಸಂದು ಹೆಚ್ಚುಕಮ್ಮಿ ಆಗುತ್ತದೆ. ಆದರೆ ಮೊದಲು ಬಾಗಿಲಿನ ಹಿಂಜ್ ಅಲ್ಲಾಡಿಸಿ ನೋಡಿ, ಸುಮ್ನೆ ಅದೇ ಸವೆದಿರಬಹುದು. ಆಮೇಲೆ ಚಾಸಿಯಿಂದ ಪಕ್ಕಕ್ಕೆ ಚಾಚಿದ ತೋಳುಗಳನ್ನು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಅಲ್ಲಿ ತುಕ್ಕು ತಿಂದಿದ್ದರೆ ಹೊಸ ಬುಷ್ ಹಾಕಿ ಏನು ಪ್ರಯೋಜನ, ಅಲ್ವಾ?

ಬೋಲ್ಟ್‌ಗಳಿಗೆ ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಬಿಡಿ. ಬೋಲ್ಟ್ ಕಾಯಿಸಿ ಬಿಡಿಸಲು ಪೆಟ್ರೋಲ್ ಟ್ಯಾಂಕ್ ಹತ್ತಿರ ಗ್ಯಾಸ್ ಬೆಂಕಿ ಹಿಡಿಯಲೇಬೇಡಿ. ಒಂದು ಕಡೆಯ ಬೋಲ್ಟ್ ಬಿಚ್ಚಿ, ಇನ್ನೊಂದು ಕಡೆಯದು ಸಡಿಲ ಮಾಡಿದರೆ ಸಾಕು. ಜಾಕ್ ಮೇಲೆ ಮರದ ಹಲಗೆ ಇಟ್ಟು, ಹಳೇ ಪ್ಯಾಡ್ ಹೊರಬರುವಷ್ಟು ಮಾತ್ರ ಬಾಡಿ ಎತ್ತಿ, ಎತ್ತುವಾಗ ಸ್ಟೀರಿಂಗ್ ಕಂಬ, ಬ್ರೇಕ್ ಪೈಪು, ಅರ್ಥ್ ವೈರು ಎಳೆದುಕೊಳ್ಳುತ್ತಿವೆಯಾ ಅಂತ ಒಬ್ಬರು ನೋಡುತ್ತಿರಲಿ. ಬರೀ ಜಾಕ್ ನಂಬಿ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ.

ಹಳೇ ಪ್ಯಾಡ್ ಜೊತೆ ಪ್ಯಾಕಿಂಗ್ ತಗಡುಗಳೂ (ಎತ್ತರ ಸರಿಮಾಡಲು ಇಟ್ಟ ತೆಳು ತಗಡು) ಹೊರಬರುತ್ತವೆ. ಯಾವುದು ಎಲ್ಲಿಯದು ಅಂತ ಗುರುತು ಹಾಕಿಡಿ, ಬಾಗಿಲಿನ ಅಳತೆ ನಿಂತಿರುವುದೇ ಅವುಗಳ ಮೇಲೆ. ಬುಷ್ ಪೂರ್ತಿ ಸೆಟ್ ಬದಲಿಸಿ. ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ಬುಷ್ ಜಾಸ್ತಿ ಬಾಳುತ್ತದೆ, ನಿಜ, ಆದರೆ ಗಟ್ಟಿ, ನಡುಕ ಒಳಗೆ ಬರುತ್ತದೆ, ನಾನಾದರೆ ರಬ್ಬರ್ರೇ ಹಾಕುತ್ತೇನೆ. ಬಾಗಿಲು ಸರಿ ಕೂತ ಮೇಲೆ ಬಿಗಿ ಮಾಡಿ, ಸ್ವಲ್ಪ ದಿನ ಓಡಿಸಿ ಇನ್ನೊಮ್ಮೆ ಬಿಗಿಯಿರಿ.