ಓದುಗರ ಪ್ರಶ್ನೆಗೆ ಉತ್ತರ: ಸಮನ್ವಯದ ಸಭೆ ಮತ್ತು 1368ರ ಒಂದು ಶಾಸನ

ಪ್ರಶ್ನೆ: ನಮ್ಮ ಊರಿನಲ್ಲಿ ಪ್ರತಿವರ್ಷ ಸರ್ವಧರ್ಮ ಸಮನ್ವಯ ಸಭೆ ನಡೆಯುತ್ತದೆ. ವೇದಿಕೆಯ ಮೇಲಿನ ಸ್ವಾಮೀಜಿ, ಮೌಲ್ವಿ, ಪಾದ್ರಿ ಮೂವರೂ ಎಲ್ಲ ಧರ್ಮಗಳು ಹೇಳುವುದು ಒಂದನ್ನೇ ಎನ್ನುತ್ತಾರೆ. ನಾನು ಶ್ರೀವೈಷ್ಣವ ಮನೆತನದವಳು; ನಾರಾಯಣನೇ ಪರದೈವವೆಂದು ಮನಸಾರೆ ನಂಬಿದವಳು. ಹೀಗೆ ನಂಬಿಕೊಂಡೇ ಬೇರೆ ಮತದವರೊಡನೆ ಸೌಹಾರ್ದದಿಂದ ಸಂವಾದ ನಡೆಸಬಹುದೇ, ಅಥವಾ ನನ್ನ ಮನಸ್ಸೇ ಸಂಕುಚಿತವೇ? (ಓದುಗರೊಬ್ಬರು, ಮೈಸೂರು)

ಉತ್ತರ: ನಿಮ್ಮ ಮನಸ್ಸು ಸಂಕುಚಿತವಲ್ಲ. ವೇದಿಕೆಯ ಮೇಲಿನ ಮೂವರೂ ಮನೆಗೆ ಹೋದ ಮೇಲೆ ನಿಮ್ಮಂತೆಯೇ ನಂಬುವವರು. ಯೇಸು ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದುಬಂದನೆಂಬುದು ಪಾದ್ರಿಯವರ ನಂಬಿಕೆಯ ತಳಹದಿ. ಅದೇ ಯೇಸುವನ್ನು ಈಸಾ ಎಂದು ಗೌರವಿಸುವ ಮೌಲ್ವಿಯವರಿಗೆ ಅವರು ಪ್ರವಾದಿಯೇ ಹೊರತು ದೇವರ ಮಗನಲ್ಲ. ಅವರು ಶಿಲುಬೆಯ ಮೇಲೆ ಸತ್ತರೆಂಬುದನ್ನೂ ಮುಸ್ಲಿಮರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಇಷ್ಟು ದೊಡ್ಡ ಭೇದವನ್ನು ಒಂದು ಸಂಜೆಯ ಮಟ್ಟಿಗೆ ಪಕ್ಕಕ್ಕಿಟ್ಟು ‘ಎಲ್ಲವೂ ಒಂದೇ’ ಎಂದರೆ ಸಭೆಗೇನೋ ಸಂತೋಷವಾಗುತ್ತದೆ, ಆದರೆ ಅಲ್ಲಿಂದ ಮುಂದೆ ಆಡಲು ಮಾತೇ ಉಳಿಯುವುದಿಲ್ಲ.

ನಿಮ್ಮದೇ ಸಂಪ್ರದಾಯದ ಹಿರಿಯರು ಇದನ್ನು ಬೇರೆ ರೀತಿಯಲ್ಲಿ ನಿಭಾಯಿಸಿದ್ದಕ್ಕೆ ಸಾಕ್ಷಿಯಾಗಿ ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ ಒಂದು ಶಾಸನವಿದೆ. ಅದು ಕ್ರಿ.ಶ. 1368ರದು. ಶ್ರೀವೈಷ್ಣವ ಭಕ್ತರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಗಳ ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಂಡೊಯ್ದರು. ಅರಸನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರನ್ನೂ ಇತರ ಪ್ರಮುಖರನ್ನೂ ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟನು. ಪಂಚಮಹಾವಾದ್ಯವೂ ಕಲಶವೂ ಜೈನರಿಗೆ ಹಿಂದಿನಂತೆಯೇ ಸಲ್ಲತಕ್ಕದ್ದೆಂದೂ, ಭಕ್ತರ ದೆಸೆಯಿಂದ ಜೈನ ದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ಭಾವಿಸಬೇಕೆಂದೂ ಆಜ್ಞೆಯಾಯಿತು.

ಭೇದವಿಲ್ಲವೆಂಬ ಮಾತು ಅಲ್ಲಿಯೂ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಆದರೆ ಅದನ್ನು ಹೇಳಿದವನು ಅರಸ, ಹೇಳಿದ್ದು ಹಕ್ಕಿನ ವ್ಯಾಜ್ಯವೊಂದರಲ್ಲಿ. ಯಾರೂ ತಮ್ಮ ತತ್ತ್ವವನ್ನು ಬಿಟ್ಟುಕೊಟ್ಟದ್ದು ಕಾಣುವುದಿಲ್ಲ. ನನಗೆ ಆ ಶಾಸನದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವುದು ಅದರ ಆರಂಭ. ಜೈನರಿಗೆ ರಕ್ಷಣೆ ನೀಡುವ, ಜೈನ ಬಸದಿಯಲ್ಲಿಯೇ ನಿಂತಿರುವ ಈ ಕಲ್ಲು ಶುರುವಾಗುವುದು ರಾಮಾನುಜರನ್ನು ‘ಪಾಷಂಡರೆಂಬ ಸಾಗರಕ್ಕೆ ಬಡಬಾಗ್ನಿ’ (ಕಡಲನ್ನು ಒಳಗಿನಿಂದಲೇ ಸುಡುವ ಬೆಂಕಿ) ಎಂದು ಹೊಗಳುವ ಶ್ಲೋಕದಿಂದ. ವೇದವನ್ನು ಪ್ರಮಾಣವೆಂದು ಒಪ್ಪದ ಜೈನರೂ ಪಾಷಂಡರ ಲೆಕ್ಕಕ್ಕೇ ಸೇರುತ್ತಾರೆ! ಆ ಶ್ಲೋಕವನ್ನು ಅಳಿಸದೆಯೇ, ಅದರ ಕೆಳಗೇ, ಇವರನ್ನು ಕಾಯುವ ಹೊಣೆ ನಮ್ಮದೆಂದು ಬರೆಸಲಾಗಿದೆ. ತತ್ತ್ವದಲ್ಲಿ ಎದುರಾಳಿಯಾದವನ ಗುಡಿ ಬಿದ್ದರೆ ಅದು ನನ್ನ ನಷ್ಟ ಎನ್ನುವುದಕ್ಕೆ ಬೇಕಾದ ನೈತಿಕ ಧೈರ್ಯ, ಎಲ್ಲರೂ ಒಂದೇ ಎನ್ನುವುದಕ್ಕೆ ಬೇಕಿಲ್ಲ.

ಹಾಗೆಂದು ಆ ಒಪ್ಪಂದವನ್ನು ಆದರ್ಶವೆಂದು ನಾನು ಹೇಳಲಾರೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ‘ಹಣ’ (ಆಗಿನ ಒಂದು ನಾಣ್ಯ) ಕೊಡಬೇಕು; ತಿರುಮಲೆಯ ತಾತಯ್ಯನವರು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಮಿಕ್ಕದ್ದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕೆಂಬುದು ಅದರ ವ್ಯವಸ್ಥೆ. ಅನ್ಯಾಯಕ್ಕೊಳಗಾದವರೇ ಕಾವಲಿನ ಖರ್ಚನ್ನೂ ಹೊತ್ತರು. ಇಂದು ಸಂವಿಧಾನದ 25ನೆಯ ವಿಧಿ ಯಾರಿಂದಲೂ ಹಣ ಕೇಳದೆ ಧಾರ್ಮಿಕ ಸ್ವಾತಂತ್ರ್ಯ ಕೊಟ್ಟಿದೆ. ಆದರೂ ಆ ಒಪ್ಪಂದದಲ್ಲಿ ವಾದ್ಯ, ಕಲಶ, ಕಾವಲು, ಸುಣ್ಣ ಎಂದು ಹೆಸರಿಸಿ ಹೇಳಿದ ಸಂಗತಿಗಳಿವೆ. ನಿಮ್ಮ ಊರಿನ ಸಭೆಯಲ್ಲಿ ಮುಂದಿನ ಸಲ ಸ್ಮಶಾನದ ಜಾಗ, ಮೆರವಣಿಗೆಯ ದಾರಿ, ಪರೀಕ್ಷೆಯ ದಿನಗಳಲ್ಲಿ ಧ್ವನಿವರ್ಧಕ ಇವುಗಳ ಮಾತು ಎತ್ತಿ ನೋಡಿ. ಚಪ್ಪಾಳೆ ಕಡಿಮೆಯಾಗಬಹುದು.

ಪ್ರಶ್ನೆ: ಸತ್ಯನಾರಾಯಣ ಪೂಜೆಯ ಪ್ರಸಾದವನ್ನು ಪಕ್ಕದ ಮನೆಯ ಮುಸ್ಲಿಂ ಕುಟುಂಬಕ್ಕೆ ಕೊಟ್ಟೆವು. ಬಹಳ ವಿನಯದಿಂದಲೇ ಬೇಡವೆಂದರು. ಅವರು ರಂಜಾನಿನಲ್ಲಿ ಕಳಿಸುವ ಖರ್ಜೂರವನ್ನು ನಾವು ತಿನ್ನುತ್ತೇವೆ. ಇದು ಅವಮಾನವಲ್ಲವೇ? (ಓದುಗರೊಬ್ಬರು, ದಾವಣಗೆರೆ)

ಉತ್ತರ: ಜೈನ ಸ್ನೇಹಿತರು ನಿಮ್ಮ ಮನೆಯಲ್ಲಿ ಈರುಳ್ಳಿ, ಆಲೂಗೆಡ್ಡೆ ಬೇಡವೆಂದರೆ, ಸೂರ್ಯಾಸ್ತದ ನಂತರ ಊಟವನ್ನೇ ಬೇಡವೆಂದರೆ ನಿಮಗೆ ಬೇಸರವಾಗುವುದಿಲ್ಲ, ಬಹುಶಃ ಅವರ ವ್ರತನಿಷ್ಠೆಯನ್ನು ಮೆಚ್ಚುತ್ತೀರಿ. ನಿಮ್ಮ ನೆರೆಯವರದೂ ವ್ರತದಂಥದ್ದೇ. ಬೇರೆ ದೇವರಿಗೆ ಅರ್ಪಿತವಾದದ್ದನ್ನು ತಿನ್ನಬಾರದೆಂದು ಅನೇಕ ಮುಸ್ಲಿಮರು ತಿಳಿಯುತ್ತಾರೆ. ಕ್ರೈಸ್ತರಲ್ಲಿಯೂ ಇದು ಹಳೆಯ ಪ್ರಶ್ನೆ: ವಿಗ್ರಹಗಳಿಗೆ ಅರ್ಪಿಸಿದ ಆಹಾರವನ್ನು ತಿನ್ನಬಹುದೇ ಎಂದು ಕೊರಿಂಥ ನಗರದ ಕ್ರೈಸ್ತ ಸಭೆ ಕೇಳಿದ್ದಕ್ಕೆ ಧರ್ಮಪ್ರಚಾರಕ ಪೌಲನು ಅವರಿಗೆ ಬರೆದ ಮೊದಲ ಪತ್ರದಲ್ಲಿ ದೀರ್ಘವಾಗಿಯೇ ಉತ್ತರಿಸಿದ್ದಾನೆ. ಖರ್ಜೂರದ ಸಂಗತಿ ಬೇರೆ. ಅದು ಉಪವಾಸ ಬಿಡುವಾಗ ಹಂಚಿಕೊಳ್ಳುವ ಆಹಾರ, ನೈವೇದ್ಯವಲ್ಲ. ಹೀಗಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮುಂದಿನ ಪೂಜೆಯ ದಿನ ನೈವೇದ್ಯಕ್ಕೆ ಮೊದಲೇ ಅವರಿಗಾಗಿ ಬೇರೆಯಾಗಿ ತೆಗೆದಿಟ್ಟ ಹಣ್ಣನ್ನೋ ಸಿಹಿಯನ್ನೋ ಕಳಿಸಿ, ಬೇರೆಯಾಗಿ ತೆಗೆದಿಟ್ಟದ್ದೆಂದು ಬಾಯಿಬಿಟ್ಟು ಹೇಳಿ. ಪ್ರಸಾದವನ್ನೇ ಹೇಳದೆ ಕೊಟ್ಟುಬಿಟ್ಟರಾಯಿತು ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ಅದು ಮೋಸ.

ಪ್ರಶ್ನೆ: ಕ್ರೈಸ್ತ ಸಹೋದ್ಯೋಗಿಯೊಬ್ಬರು ನನಗೆ ಬೈಬಲ್ ಕೊಟ್ಟಿದ್ದಾರೆ. ಮತಾಂತರದ ಆಸೆ ಇಟ್ಟುಕೊಂಡವರೊಡನೆ ಪ್ರಾಮಾಣಿಕ ಸಂವಾದ ಸಾಧ್ಯವೇ? (ಓದುಗರೊಬ್ಬರು, ಹುಬ್ಬಳ್ಳಿ)

ಉತ್ತರ: ಆಸೆಯನ್ನು ಬಚ್ಚಿಡದಿದ್ದರೆ ಸಾಧ್ಯ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಇಲ್ಲಿಗೆ ಬಂದದ್ದು ಕ್ರೈಸ್ತ ಮತವನ್ನು ಸಾರಲೆಂದೇ. ಆ ಉದ್ದೇಶವನ್ನು ಅವರು ಮರೆಮಾಚಲಿಲ್ಲ. ಆದರೂ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರೂ, ಹರಿದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವರೂ ಅವರೇ. ತಮ್ಮದಲ್ಲದ ಭಕ್ತಿಯನ್ನು ಅಷ್ಟು ಗಮನವಿಟ್ಟು ಕೇಳಿಸಿಕೊಳ್ಳಲು ಆ ಉದ್ದೇಶ ಅಡ್ಡಿಯಾಗಲಿಲ್ಲ. ಆಮಿಷ, ಒತ್ತಡ, ಕಾಯಿಲೆಯವರ ದೌರ್ಬಲ್ಯದ ಬಳಕೆ ಇವು ಬೇರೆ ಮಾತು. ಅವು ಯಾವ ಮತದವರು ಮಾಡಿದರೂ ತಪ್ಪೇ. ನಿಮ್ಮ ಸಹೋದ್ಯೋಗಿಯ ವಿಷಯದಲ್ಲಿ ನೋಡಬೇಕಾದದ್ದು ಎರಡು: ನೀವು ಬೇಡವೆಂದ ಮೇಲೂ ಅವರು ಮೊದಲಿನಂತೆ ನಿಮ್ಮೊಡನೆ ಊಟಕ್ಕೆ ಕೂರುತ್ತಾರೆಯೇ ಮತ್ತು ನೀವು ಒಂದು ವಚನ ಸಂಪುಟವನ್ನೋ ಗೀತೆಯನ್ನೋ ಕೊಟ್ಟರೆ ಓದುತ್ತಾರೆಯೇ? ಕೊಟ್ಟು ನೋಡಿ.