ಅವ್ವನ ಫೋನಿನಿಂದ ಗೊತ್ತಿಲ್ಲದೆ ಐಎಸ್‌ಡಿ ಕರೆ ಹೋಗಿ ಬಿಲ್ ಏರದಂತೆ ಏನು ಮಾಡಬೇಕು?

ನಿಮ್ಮ ತಮ್ಮ ಮುಂದಿನ ತಿಂಗಳು ದುಬೈಗೆ ಹೊರಟಿದ್ದಾನೆ, ವಿರಾಜಪೇಟೆ ಕಡೆಯ ಮನೆಯಲ್ಲಿ ಇನ್ನು ಅವ್ವ ಒಬ್ಬರೇ, ಅವರದು ಪೋಸ್ಟ್‌ಪೇಯ್ಡ್ ಸಿಮ್ ಎಂದು ಬರೆದಿದ್ದೀರಿ. ನಮ್ಮ ಮನೆ ನಾಪೋಕ್ಲು ಹತ್ತಿರ, ಅಕ್ಕ ಇರುವುದು ಕೆನಡಾದ ಟೊರೊಂಟೊದಲ್ಲಿ. ಈ ವಿಷಯದಲ್ಲಿ ನಾವು ಪೆಟ್ಟು ತಿಂದಿದ್ದೇವೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಅವ್ವನ ಸಿಮ್‌ನಲ್ಲಿ ಐಎಸ್‌ಡಿ, ಅಂದರೆ ಹೊರದೇಶಕ್ಕೆ ಕರೆ ಮಾಡುವ ಸೌಲಭ್ಯವನ್ನೇ ತೆಗೆಸಿಬಿಡಿ. ಹಿಂದೆ ಲ್ಯಾಂಡ್‌ಲೈನಿಗೆ ಎಸ್‌ಟಿಡಿ ಲಾಕ್ ಹಾಕಿಸುತ್ತಿದ್ದೆವಲ್ಲ, ಹಾಗೆ. ಕಸ್ಟಮರ್ ಕೇರ್‌ಗೆ ಹೇಳಿದರೆ ಆಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲೂ ಕರೆ ತಡೆಯುವ ‘ಕಾಲ್ ಬ್ಯಾರಿಂಗ್’ ಇರುತ್ತದೆ, ಆದರೆ ಎಲ್ಲ ನೆಟ್‌ವರ್ಕ್‌ಗಳಲ್ಲಿ ಅದು ಕೆಲಸ ಮಾಡುವುದಿಲ್ಲ. ಕಂಪನಿಯ ಕಡೆಯಿಂದಲೇ ಮಾಡಿಸುವುದು ಭದ್ರ. ಹೊರಹೋಗುವ ಐಎಸ್‌ಡಿ ನಿಂತರೆ ಒಳಬರುವ ಕರೆಗೆ ಏನೂ ಆಗುವುದಿಲ್ಲ. ತಮ್ಮ ಅಲ್ಲಿಂದ ಮಾಡಿದ ಕರೆಯನ್ನು ಅವ್ವ ಮನೆಯಲ್ಲಿ ಕೂತು ಎತ್ತಿಕೊಂಡರೆ ಒಂದು ಪೈಸೆಯೂ ಹೋಗುವುದಿಲ್ಲ. ‘ಅನ್‌ಲಿಮಿಟೆಡ್’ ಪ್ಲಾನ್ ಇದೆ ಎಂದು ನೆಮ್ಮದಿಯಾಗಿರಬೇಡಿ, ಅದು ಭಾರತದೊಳಗಿನ ಕರೆಗಳಿಗೆ ಮಾತ್ರ.

ನಮಗೆ ಆದದ್ದು ಹೀಗೆ. ಜನವರಿ ತಿಂಗಳು, ಅವ್ವ ಕಣದಲ್ಲಿ ಕಾಫಿ ಹರವುತ್ತಿದ್ದರು. ಮಧ್ಯಾಹ್ನ ಎರಡರ ಹೊತ್ತಿಗೆ ಫೋನ್ ಒಂದೇ ಒಂದು ಸಲ ರಿಂಗಾಗಿ ನಿಂತಿತು. ನೋಡಿದರೆ +1 ಎಂದು ಶುರುವಾಗುವ ನಂಬರ್. ಅಕ್ಕನ ನಂಬರೂ +1. ಟೊರೊಂಟೊದಲ್ಲಿ ಆಗ ಬೆಳಗಿನ ಜಾವ ಮೂರೂವರೆ. ಆ ಹೊತ್ತಿನಲ್ಲಿ ಮಗಳು ಯಾಕೆ ಫೋನ್ ಮಾಡಿದಳು, ಮಗುವಿಗೆ ಏನಾದರೂ ಆಯಿತೇ ಎಂದು ಅವ್ವನ ಎದೆ ಹಾರಿಹೋಗಿದೆ. ತಕ್ಷಣ ಅದೇ ನಂಬರಿಗೆ ಒತ್ತಿದ್ದಾರೆ. ಆ ಕಡೆ ಏನೋ ಸಂಗೀತ, ಮಧ್ಯೆ ಯಾರೋ ಮಾತಾಡಿದಂತೆ. ಅಕ್ಕನೇ ಬರುತ್ತಾಳೆಂದು ಕಾದೇ ಕಾದಿದ್ದಾರೆ.

+1 ಎಂಬುದು ಅಮೆರಿಕ, ಕೆನಡಾಗಳಿಗೆ ಮಾತ್ರ ಸೇರಿದ್ದಲ್ಲ, ಕೆರಿಬಿಯನ್ ದ್ವೀಪಗಳಲ್ಲಿ ಹಲವಕ್ಕೂ ಅದೇ ಕೋಡ್. ಅವ್ವ ಒತ್ತಿದ ನಂಬರಿನಲ್ಲಿ +1 ಆದ ಮೇಲೆ 876 ಇತ್ತು, ಅಂದರೆ ಜಮೈಕಾ. ಈ ವಂಚನೆಗೆ ಜಪಾನಿ ಭಾಷೆಯಲ್ಲಿ ‘ವಾಂಗಿರಿ’ ಎನ್ನುತ್ತಾರೆ: ಒಂದು ರಿಂಗ್, ಆಮೇಲೆ ಕಟ್. ನಾವು ತಿರುಗಿ ಕರೆ ಮಾಡಿದಾಗ ಬೀಳುವ ದುಬಾರಿ ಶುಲ್ಕದಲ್ಲಿ ಒಂದು ಪಾಲು ಆ ವಂಚಕರಿಗೆ ಹೋಗುತ್ತದೆ, ಅದಕ್ಕೇ ಸಂಗೀತ ಕೇಳಿಸಿ ಕಾಯಿಸುತ್ತಾರೆ. ತಾಯಿಯ ಆತಂಕದಲ್ಲಿ ದುಡ್ಡು ಮಾಡುವವರು ಇವರು. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ. 2012ರಲ್ಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಕಾರಣಕ್ಕೆ, ಪ್ರೀಪೇಯ್ಡ್ ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಐಎಸ್‌ಡಿ ತೆರೆದಿಡಬೇಡಿ ಎಂದು ಕಂಪನಿಗಳಿಗೆ ಹೇಳಿತ್ತು. ನಿಮ್ಮದು ಪೋಸ್ಟ್‌ಪೇಯ್ಡ್, ಹಾಗಾಗಿ ನೀವೇ ಕೇಳಿ ಮುಚ್ಚಿಸಬೇಕು.

ಆ ಕರೆಗೆ ಹೋದ ದುಡ್ಡು ನಮಗೆ ವಾಪಸ್ ಬರಲಿಲ್ಲ. ‘ನಿಮ್ಮ ಫೋನಿನಿಂದಲೇ ಡಯಲ್ ಆಗಿದೆ’ ಎಂದರು ಕಂಪನಿಯವರು, ಅದು ನಿಜವೂ ಹೌದು. ಆದರೆ ನೀವು ಮಾಡದ ಕರೆ ಬಿಲ್ಲಿನಲ್ಲಿದ್ದರೆ ಬಿಡಬೇಡಿ. ಕಂಪನಿಯ ದೂರಿನ ನಂಬರ್ 198ಕ್ಕೆ ದೂರು ಕೊಟ್ಟು ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಬರೆದಿಟ್ಟುಕೊಳ್ಳಿ, ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಪ್ರೀಪೇಯ್ಡ್‌ನವರೂ ಹಿಂದಿನ ಆರು ತಿಂಗಳ ಕರೆಗಳ ವಿವರವನ್ನು 50 ರೂಪಾಯಿ ಮೀರದ ಶುಲ್ಕಕ್ಕೆ ಕೇಳಿ ಪಡೆಯಬಹುದು.

ಇನ್ನು ದುಬೈನ ವಿಷಯ. ಯುಎಇಯಲ್ಲಿ ವಾಟ್ಸ್ಆ್ಯಪ್ ಮೆಸೇಜ್, ವಾಯ್ಸ್ ನೋಟ್ ಹೋಗುತ್ತವೆ, ಕರೆ ಮಾತ್ರ ಹೋಗುವುದಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಮನೆಗಳಲ್ಲಿ ಮೊದಲ ವಾರವೇ ನೇರವಾಗಿ ಡಯಲ್ ಮಾಡಿಬಿಡುತ್ತಾರೆ. ಅಲ್ಲಿ ಅನುಮತಿ ಇರುವ ಬೋಟಿಮ್‌ನಂಥ ಆ್ಯಪನ್ನು ತಮ್ಮ ಹೊರಡುವ ಮುಂಚೆಯೇ ಅವ್ವನ ಫೋನಿಗೆ ಹಾಕಿ, ಎರಡು ದಿನ ಅಭ್ಯಾಸ ಮಾಡಿಸಿ. ತಮ್ಮ ಓಟಿಪಿಗೆಂದು ಭಾರತದ ಸಿಮ್ಮನ್ನು ರೋಮಿಂಗ್‌ನಲ್ಲಿ ಇಟ್ಟುಕೊಂಡರೆ ಡೇಟಾ ರೋಮಿಂಗ್ ಆಫ್ ಇರಲಿ, ಹೊರಡುವ ಮೊದಲು ##002# ಒತ್ತಿ ಕಾಲ್ ಫಾರ್ವರ್ಡಿಂಗ್ (ಬಂದ ಕರೆಯನ್ನು ಬೇರೆ ನಂಬರಿಗೆ ಕಳಿಸುವುದು) ಎಲ್ಲ ತೆಗೆಯಲಿ. ಅವ್ವನಿಗೂ ಹೇಳಿ: ಆ ಹಳೇ ನಂಬರಿಗೆ ಮಾಡಿದರೆ ಅವರಿಗೆ ಖರ್ಚಿಲ್ಲ, ಆದರೆ ಎತ್ತಿಕೊಂಡ ಮಗನಿಗೆ ರೋಮಿಂಗ್ ಚಾರ್ಜ್ ಬೀಳುತ್ತದೆ.

ನಮ್ಮ ಊರಿನಲ್ಲಿ ನಿಜವಾದ ಕಷ್ಟ ಮಳೆಗಾಲದ್ದು. ಜೂನ್ ಬಂತೆಂದರೆ ಮರ ಬಿದ್ದು ಕರೆಂಟ್ ಹೋಗುತ್ತದೆ, ವೈಫೈ ಸತ್ತುಹೋಗುತ್ತದೆ, ಟವರಿನಲ್ಲಿ ಡೇಟಾ ತೆವಳುತ್ತದೆ, ಆದರೂ ಮಾಮೂಲಿ ಕರೆ ಹೇಗೋ ಹೋಗುತ್ತದೆ. ಆ್ಯಪ್ ತೆರೆಯದಿದ್ದಾಗ ಕೈ ತಾನಾಗಿ ಹಸಿರು ಬಟನ್ ಒತ್ತುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಹೊರದೇಶದಲ್ಲಿದ್ದವರೊಡನೆ ಒಂದು ಮಾತಾಡಿದರೆ ಸಾಕಾಗಿತ್ತು, ಆಗ ದುಡ್ಡಿನ ಲೆಕ್ಕ ಯಾರಿಗಿತ್ತು? ಹಾಗಾಗಿ ಒಂದು ಹೊತ್ತು ಗೊತ್ತು ಮಾಡಿಕೊಳ್ಳಿ. ನಮ್ಮಲ್ಲಿ ಭಾನುವಾರ ರಾತ್ರಿ ಎಂಟಕ್ಕೆ ಅಕ್ಕನೇ ಅವ್ವನ ಮಾಮೂಲಿ ನಂಬರಿಗೆ ಮಾಡುತ್ತಾಳೆ. ನಡುವೆ ತುರ್ತಾದರೆ ಅವ್ವ ನನಗೆ ಮಾಡುತ್ತಾರೆ, ನಾನು ಅಕ್ಕನಿಗೆ ತಿಳಿಸುತ್ತೇನೆ.

ಐಎಸ್‌ಡಿ ತೆಗೆಸಿದ ಮೇಲೆ ಅವ್ವನ ಕೈಯಿಂದಲೇ ತಮ್ಮನ ದುಬೈ ನಂಬರಿಗೆ ಒಮ್ಮೆ ಡಯಲ್ ಮಾಡಿಸಿ ನೋಡಿ, ಎತ್ತಬೇಡ ಎಂದು ಅವನಿಗೆ ಮೊದಲೇ ಹೇಳಿರಿ. ರಿಂಗ್ ಆದರೆ ಕೂಡಲೇ ಕಟ್ ಮಾಡಿ, ಕಸ್ಟಮರ್ ಕೇರ್‌ಗೆ ಇನ್ನೊಮ್ಮೆ ಫೋನ್ ಹಚ್ಚಿ.