ಪ್ರತಿ: ಪೈಥಾನ್ 3ರಲ್ಲಿ ರೌಂಡ್(2.5) ಕೊಟ್ಟರೆ 2, ರೌಂಡ್(2.675, 2) ಕೊಟ್ಟರೆ 2.67 ಯಾಕೆ?

ಇಲ್ಲಿರುವುದು ಎರಡು ಬೇರೆ ಕಾರಣ. ರೌಂಡ್ (ಸಂಖ್ಯೆಯನ್ನು ದುಂಡಾಗಿಸುವ ಫಂಕ್ಷನ್) 2.5ಕ್ಕೆ 2 ಕೊಡುವುದು ನಿಯಮದ ಪ್ರಕಾರವೇ: ಸರಿಯಾಗಿ ಅರ್ಧದಲ್ಲಿರುವ ಸಂಖ್ಯೆ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. ಹಾಗಾಗಿ 3.5ಕ್ಕೂ 4, 4.5ಕ್ಕೂ 4. ಯಾವಾಗಲೂ ಮೇಲಕ್ಕೇ ತಳ್ಳಿದರೆ ಉದ್ದನೆಯ ಪಟ್ಟಿಯ ಮೊತ್ತ ಸುಮ್ಮನೆ ಉಬ್ಬುತ್ತದೆ.

2.675ರ ಕಥೆ ಬೇರೆ. ಅದು ಬೈನರಿ ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆಯನ್ನು 0, 1ರಲ್ಲಿ ಇಟ್ಟುಕೊಳ್ಳುವ ರೀತಿ) ನಿಖರವಾಗಿ ಕೂರುವುದಿಲ್ಲ, ಮೆಮೊರಿಯಲ್ಲಿರುವುದು 2.67499999999999982… ಅಂದರೆ ಅರ್ಧಕ್ಕಿಂತ ಕಡಿಮೆ, 2.67 ಬಂದದ್ದು ಸರಿಯೇ. ನಂಬಿಕೆ ಬಾರದಿದ್ದರೆ ಡೆಸಿಮಲ್(2.675) ಪ್ರಿಂಟ್ ಮಾಡಿ ನೋಡಿ.

ನಿಮಗೆ ಶಾಲೆಯ ಲೆಕ್ಕದಂತೆ 2.68 ಬೇಕಿದ್ದರೆ:

1. ಡೆಸಿಮಲ್ ಮಾಡ್ಯೂಲ್‌ನಿಂದ (ಸಂಖ್ಯೆಯನ್ನು ದಶಮಾನದಲ್ಲೇ ಇಡುವ ಪೈಥಾನ್ ಸಲಕರಣೆ) ಡೆಸಿಮಲ್, ರೌಂಡ್_ಹಾಫ್_ಅಪ್ ಎರಡನ್ನೂ ಇಂಪೋರ್ಟ್ ಮಾಡಿ.
2. ಸಂಖ್ಯೆಯನ್ನು ಕೋಟ್ಸ್ ಒಳಗೆ ಕೊಡಿ: ಡೆಸಿಮಲ್('2.675'). ಎಲ್ಲರೂ ಎಡವುವುದು ಇಲ್ಲೇ. ಕೋಟ್ಸ್ ಬಿಟ್ಟರೆ ಹಳೇ ಫ್ಲೋಟ್‌ನ ದೋಷವೇ ಒಳಗೆ ಬರುತ್ತದೆ.
3. ಅದರ ಮೇಲೆ .ಕ್ವಾಂಟೈಸ್(ಡೆಸಿಮಲ್('0.01'), ರೌಂಡಿಂಗ್=ರೌಂಡ್_ಹಾಫ್_ಅಪ್) ಕರೆಯಿರಿ.

100ರಿಂದ ಗುಣಿಸಿ, 0.5 ಕೂಡಿಸಿ, ಇಂಟ್ ಮಾಡಿ (ದಶಮಾಂಶ ಭಾಗ ಕತ್ತರಿಸಿ), ಮತ್ತೆ 100ರಿಂದ ಭಾಗಿಸುವ ಉಪಾಯಕ್ಕೆ ಹೋಗಬೇಡಿ. 1.005 ಗುಣಿಸಿದಾಗ 100.49999999999999 ಆಗುತ್ತದೆ, ಉತ್ತರ 1.0ಕ್ಕೇ ನಿಲ್ಲುತ್ತದೆ. ಋಣ ಸಂಖ್ಯೆಗಳಿದ್ದರೆ ಗಮನವಿರಲಿ: ರೌಂಡ್_ಹಾಫ್_ಅಪ್ ಅರ್ಧದಲ್ಲಿರುವುದನ್ನು ಸೊನ್ನೆಯಿಂದ ದೂರಕ್ಕೆ ಒಯ್ಯುತ್ತದೆ, -2.5 ಎಂಬುದು -3 ಆಗುತ್ತದೆ.

ನಿಮ್ಮ ಡೇಟಾ ಎಲ್ಲಿಂದ ಬರುತ್ತದೆ ಎಂದು ಬರೆದಿಲ್ಲ. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ ಫೈಲ್) ಆಗಿದ್ದರೆ ಓದಿದ ಸ್ಟ್ರಿಂಗ್ (ಪಠ್ಯ) ಅನ್ನು ಫ್ಲೋಟ್ ಮಾಡದೆ ನೇರ ಡೆಸಿಮಲ್‌ಗೆ ಕೊಡಿ. ಈಗಾಗಲೇ ಫ್ಲೋಟ್ ಆಗಿಬಿಟ್ಟಿದ್ದರೆ ಡೆಸಿಮಲ್(ಎಸ್‌ಟಿಆರ್(ಎಕ್ಸ್)), ಅಂದರೆ ಮೊದಲು ಪಠ್ಯ ಮಾಡಿ ಆಮೇಲೆ ಡೆಸಿಮಲ್‌ಗೆ ಕೊಡುವುದು, ಬಹುತೇಕ ಸಾಕು, ಆದರೆ ನಡುವೆ ಫ್ಲೋಟ್ ಲೆಕ್ಕ ನಡೆದಿದ್ದರೆ ಅದನ್ನೂ ನೆಚ್ಚುವಂತಿಲ್ಲ.